ತಕ್ಕಡಿಯ ಹಿಂದೆ ನಿಂತು ಕಂಡ ಕಾಡು

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಗೆ ಬರುವಾಗ ಗಾಂಧಿ ಬಜಾರಿನಲ್ಲಿ ಇಳಿದು ನಡೆದುಕೊಂಡೇ ಬಂದೆ. ಒಂದು ತಳ್ಳುಗಾಡಿಯ ಮೇಲೆ ಮಾಗಳಿ ಬೇರು ರಾಶಿ ಹಾಕಿದ್ದರು. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಮಾಗಳಿ ಬೇರಿನ ಉಪ್ಪಿನಕಾಯಿ ಇದೆ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಅರ್ಧ ಸಭೆ ಎತ್ತಿದೆ. ಮಿಕ್ಕವರು ಮೂಗು ಮುಚ್ಚಿಕೊಳ್ಳುವ ಪಂಗಡ ಅಂತ ಕಾಣುತ್ತದೆ. ನಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದಾರೆ. ತಿಗಣೆ ವಾಸನೆ ಅಂತ ಜಾಡಿಯನ್ನು ಹಿತ್ತಲಿಗೆ ಸಾಗಿಸಿದ್ದಾರೆ.

ಗಾಡಿಯ ಹೆಂಗಸನ್ನು ಕೇಳಿದೆ, ಇದು ಎಲ್ಲಿಂದ ಬರುತ್ತದಮ್ಮ ಅಂತ. "ಕಾಡಿಂದ ಸಾರ್." ಯಾವ ಕಾಡು? "ಕಾಡು ಅಂದ್ರೆ ಕಾಡೇ ಸಾರ್. ನಾವು ಮಾರ್ಕೆಟ್‌ನಿಂದ ತರ್ತೀವಿ."

ಆ ಕಾಡಿಗೂ ಈ ಮಾರ್ಕೆಟ್ಟಿಗೂ ನಡುವೆ ಎಲ್ಲೋ ಒಂದು ತಕ್ಕಡಿ ಇರುತ್ತದೆ. ತಕ್ಕಡಿ ಹಿಂದೆ ಒಬ್ಬ ಗುಮಾಸ್ತ ಇರುತ್ತಾನೆ. ಕಾಡಿನ ಸಾಮಾನು ಕೊಳ್ಳುವ ಒಂದು ಸಂಘದಲ್ಲಿ ಅಂಥ ಗುಮಾಸ್ತ ನಾನು. 1993ರಿಂದ ಸುಮಾರು ಇಪ್ಪತ್ತು ವರ್ಷ ಬಿಳಿಗಿರಿರಂಗನ ಬೆಟ್ಟದ ಸುತ್ತಮುತ್ತ ಅಲ್ಲಿನ ಆದಿವಾಸಿಗಳಾದ ಸೋಲಿಗರು ತಂದ ನೆಲ್ಲಿಕಾಯಿ, ಜೇನು, ಸೀಗೆಕಾಯಿ, ಅಂಟುವಾಳ, ಮರದ ಪಾಚಿ ಇವನ್ನೆಲ್ಲ ತೂಗುವುದು, ಪುಸ್ತಕದಲ್ಲಿ ಬರೆಯುವುದು, ದುಡ್ಡು ಎಣಿಸಿ ಕೊಡುವುದು ನನ್ನ ಕೆಲಸವಾಗಿತ್ತು. ನಾನು ವಿಜ್ಞಾನಿ ಅಲ್ಲ. ಹೋರಾಟ ಮಾಡಿ ಜೈಲಿಗೆ ಹೋದವನೂ ಅಲ್ಲ. ಹಾಗಾಗಿ ಇವತ್ತು ನಾನು ಹೇಳುವುದೆಲ್ಲ ಲೆಕ್ಕ ಬರೆಯುವವನ ಮಾತು ಅಂತ ತಿಳಿದುಕೊಳ್ಳಿ.

ಬೆಂಗಳೂರಿಗೆ ಬಂದಾಗಲೆಲ್ಲ ನನಗೆ ಎದುರಾಗುವುದು ಒಂದೇ ಪ್ರಶ್ನೆ. "ಹುಲಿ ಬೇಕಾ, ಜನ ಬೇಕಾ, ಒಂದು ಹೇಳಿ." ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂಡ ಕೇಳಿದ್ದಾರೆ. ಕಬಿನಿ ಹತ್ತಿರ ರೆಸಾರ್ಟಿನಲ್ಲಿ ಎರಡು ರಾತ್ರಿ ಇದ್ದು ಬಂದವರು ಇನ್ನೂ ಜೋರಾಗಿ ಕೇಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಬ್ಬ ಸೋಲಿಗನೂ ನನಗೆ ಈ ಪ್ರಶ್ನೆ ಕೇಳಿಲ್ಲ. ಅವರು ಕೇಳುತ್ತಿದ್ದುದು ಬೇರೆ: "ಈ ಸಲ ಕಾಯಿ ತಕ್ಕತ್ತಾರಾ ಇಲ್ವಾ?"

ಸೋಲಿಗರ ಊರಿಗೆ ಪೋಡು ಅಂತಾರೆ. ಕಾಡನ್ನು ಅವರು ಯೆಲ್ಲೆ ಅಂತ ಪಾಲು ಮಾಡಿಕೊಂಡಿದ್ದಾರೆ. ಪ್ರತಿ ಕುಲಕ್ಕೂ ತನ್ನದೇ ಯೆಲ್ಲೆ. ಅದರೊಳಗೆ ದೇವರ ಜಾಗ, ಮಾರಮ್ಮನ ಜಾಗ, ವೀರರ ಜಾಗ, ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುವ ಕಲ್ಲುಗುಡಿ, ನೀರಿನ ಅಬ್ಬಿ. ಇಂಥ ನಾನೂರಕ್ಕೂ ಹೆಚ್ಚು ಜಾಗಗಳನ್ನು ಹಿರಿಯರ ಜೊತೆ ನಡೆದು ನಕ್ಷೆಯಲ್ಲಿ ಗುರುತು ಮಾಡಿದ್ದಾರೆ. ನೀವು ಅಲ್ಲಿಗೆ ಹೋದಾಗ ದೊಡ್ಡ ಸಂಪಿಗೆ ಮರ ನೋಡಿರಬಹುದು, ನಮಗೆ ಅದು ಮರ, ಅವರಿಗೆ ಅದೇ ಗುಡಿ. ಬೆಟ್ಟದ ಮೇಲಿನ ರಂಗಸ್ವಾಮಿ ಇದ್ದಾನಲ್ಲ, ಅವನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅಂತ ಕಥೆ. ಹಾಗಾಗಿ ರಂಗಸ್ವಾಮಿ ಅವರಿಗೆ ಭಾವ. ನಾವು ದೇವರ ಮುಂದೆ ಕೈಕಟ್ಟಿ ನಿಲ್ಲುತ್ತೇವೆ, ಅವರು ಭಾವನನ್ನು ರೇಗಿಸಿದ ಹಾಗೆ ರೇಗಿಸುತ್ತಾರೆ. ಇದನ್ನು ಯಾಕೆ ಹೇಳಿದೆ ಅಂದರೆ, ಆ ಕಾಡಿನಲ್ಲಿ ಅವರು "ಪಕ್ಕದಲ್ಲಿರುವ ಜನ" ಅಲ್ಲ. ನೆಂಟಸ್ತನವೇ ಅಲ್ಲಿದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು. 1987ರಲ್ಲಿ ಅದನ್ನು ಹಿಗ್ಗಿಸಿ ಸುಮಾರು 540 ಚದರ ಕಿಲೋಮೀಟರ್ ಮಾಡಿದರು. ಅಲ್ಲಿಯವರೆಗೆ ಒಂದು ಕಡೆ ಕಾಡು ಕಡಿದು, ಒಂದೆರಡು ವರ್ಷ ರಾಗಿ ಬೆಳೆದು, ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದ ಜನರನ್ನು ರಸ್ತೆ ಪಕ್ಕ ತಂದು ಕೂರಿಸಿದರು. ಬೇಸಾಯ ಹೋಯಿತು, ಬೇಟೆ ಹೋಯಿತು. ಉಳಿದದ್ದು ಕೂಲಿ, ಅಂಗೈ ಅಗಲದ ಜಮೀನು, ಮತ್ತು ಕಾಡಿನಿಂದ ಆರಿಸಿ ತರುವ ಈ ಸಾಮಾನು. ಸರ್ಕಾರದ ಭಾಷೆಯಲ್ಲಿ ಇದಕ್ಕೆ ಕಿರು ಅರಣ್ಯ ಉತ್ಪನ್ನ ಅಂತ ಹೆಸರು. ಕಿರು ಅನ್ನುವುದು ಇಲಾಖೆಯ ಲೆಕ್ಕದಲ್ಲಿ, ಯಾಕಂದರೆ ಅವರಿಗೆ ಮರದ ದಿಮ್ಮಿ ದೊಡ್ಡದು. 1990ರ ದಶಕದಲ್ಲಿ ಬೆಟ್ಟದಲ್ಲಿ ಅಧ್ಯಯನ ಮಾಡಿದವರು ಕಂಡುಕೊಂಡ ಹಾಗೆ ಸೋಲಿಗರ ಮನೆಯ ನಗದು ಆದಾಯದಲ್ಲಿ ಹೆಚ್ಚು ಕಡಿಮೆ ಅರ್ಧ ಇದರಿಂದಲೇ ಬರುತ್ತಿತ್ತು. ಕಿರು ಏನಲ್ಲ, ಅಲ್ವಾ?

2002ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಅಭಯಾರಣ್ಯದಿಂದ ಮಾರಾಟಕ್ಕೆ ಅಂತ ಏನೂ ತರುವಂತಿಲ್ಲ ಅಂತಾಯಿತು. ಎರಡು ಮೂರು ವರ್ಷದಲ್ಲಿ ಅದು ನಮ್ಮ ತಕ್ಕಡಿಯವರೆಗೂ ಬಂತು. ನನಗೆ ಆ ವರ್ಷದ ಅಂಗಳ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನವೆಂಬರ್ ಕಳೆದರೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಸಿ ನೆಲ್ಲಿಕಾಯಿ ಮೂಟೆ, ಮೂಟೆ ಮೇಲೆ ಕೂತ ಮಕ್ಕಳು, ಕಾಯಿ ಬೇಯಿಸಿ ಬೀಜ ಬಿಡಿಸಿ ಒಣಗಲು ಹಾಕಿದ ಚಾಪೆಗಳು. ಆ ವರ್ಷ ಚಾಪೆ ಸುತ್ತಿಟ್ಟ ಹಾಗೇ ಇತ್ತು. ತಕ್ಕಡಿಯ ಕೊಕ್ಕೆಯಲ್ಲಿ ಜೇಡ ಬಲೆ ಕಟ್ಟಿತು. ಗಂಡಸರು ಕೊಡಗಿನ ಕಾಫಿ ತೋಟಗಳಿಗೆ ಲಾರಿ ಹತ್ತಿದರು. ಮಕ್ಕಳನ್ನೂ ಕರೆದುಕೊಂಡು ಹೋದವರು ಶಾಲೆ ಬಿಡಿಸಿದರು. ತಮಾಷೆ ನೋಡಿ, ಬಿಳಿಗಿರಿ ಕಾಡಿನ ಒಳಗೇ ದೊಡ್ಡ ದೊಡ್ಡ ಕಾಫಿ ಎಸ್ಟೇಟುಗಳಿವೆ. ಅವು ಅಭಯಾರಣ್ಯ ಆದಾಗಲೂ ಇದ್ದವು, ಈಗಲೂ ಇವೆ. ನೆಲ್ಲಿಕಾಯಿ ಮೂಟೆ ಮಾತ್ರ ಗೇಟಿನಲ್ಲಿ ನಿಂತಿತು.

ಈಗ ನಿಮಗೆ ಅನ್ನಿಸಬಹುದು, ಕಾಯಿ ಕಿತ್ತರೆ ಮರ ಹೇಗೆ ಹುಟ್ಟಬೇಕು, ಜಿಂಕೆ ಏನು ತಿನ್ನಬೇಕು, ನಿಷೇಧದಲ್ಲಿ ತಪ್ಪೇನಿದೆ ಅಂತ. ಒಳ್ಳೆಯ ಪ್ರಶ್ನೆ. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬೆಟ್ಟದಲ್ಲಿ ನೆಲ್ಲಿ ಸಸಿ ಕಮ್ಮಿ ಆಗುತ್ತಿದೆ, ದೊಡ್ಡ ಮರಗಳೂ ಒಣಗುತ್ತಿವೆ ಅನ್ನುವುದನ್ನು ವಿಜ್ಞಾನಿಗಳೂ ಕಂಡರು, ಸೋಲಿಗರೂ ಕಂಡರು. ಕಾರಣ ಏನು ಅನ್ನುವಲ್ಲಿ ಇಬ್ಬರೂ ಬೇರೆ ದಾರಿ ಹಿಡಿದರು. ಹೊರಗಿನವರಿಗೆ ಮೊದಲು ಕಾಣುವುದು ಕೀಳುವ ಕೈ. ಸೋಲಿಗರು ಮರದ ಮೇಲಕ್ಕೆ ಬೆರಳು ತೋರಿಸಿದರು. ಉಪ್ಪಿಲು ಅಂದರು. ನಮ್ಮ ಕಡೆ ಬದನಿಕೆ ಅಂತೀವಲ್ಲ, ಮಾವಿನ ಮರದ ಮೇಲೆ ಬೆಳೆಯುತ್ತದಲ್ಲ, ಅದೇ ಜಾತಿ. ಹಕ್ಕಿ ಅದರ ಹಣ್ಣು ತಿಂದು ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸುತ್ತದೆ. ಬೀಜ ಅಲ್ಲೇ ಮೊಳೆತು ಕೊಂಬೆಯೊಳಗೆ ಬೇರು ಇಳಿಸಿ ಮರದ ನೀರು ಕುಡಿಯುತ್ತದೆ. ಕೆಲವು ವರ್ಷಕ್ಕೆ ಕೊಂಬೆ ಸಾಯುತ್ತದೆ. ಆಮೇಲೆ ಮರ.

ಉಪ್ಪಿಲು ಯಾಕೆ ಜಾಸ್ತಿ ಆಯಿತು ಅಂತ ಒಬ್ಬ ಯಜಮಾನರನ್ನು ಕೇಳಿದೆ. ಅವರು ನನ್ನನ್ನು ಒಂದು ಮರದ ಬುಡಕ್ಕೆ ಕರೆದುಕೊಂಡು ಹೋದರು. ಕಾಲಿನಿಂದ ಎಲೆ ಸರಿಸಿದರು. ಸರಿಸುತ್ತಾ ಹೋದರು, ನೆಲವೇ ಸಿಗಲಿಲ್ಲ. ಒಣ ತರಗು ಮೊಣಕಾಲಿನ ಹತ್ತಿರಕ್ಕೆ ಬಂದಿತ್ತು. "ಬೆಂಕಿ ಕಾಣ್ದೆ ಎಷ್ಟು ವರ್ಸ ಆಯ್ತು ಗೊತ್ತಾ ಸಾ?" ಅಂದರು.

ಹಿಂದೆ ಸೋಲಿಗರು ಚಳಿಗಾಲ ಮುಗಿಯುವ ಹೊತ್ತಿಗೆ, ಜನವರಿ ಫೆಬ್ರವರಿಯಲ್ಲಿ, ಬೆಳಗಿನ ತಂಪಿನಲ್ಲಿ ಸಣ್ಣಗೆ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಅಂತ ಅದಕ್ಕೆ ಹೆಸರು. ನೆಲದ ಮೇಲಿನ ತರಗೆಲೆ, ಒಣ ಹುಲ್ಲು ಮಾತ್ರ ಸುಡುತ್ತದೆ. ಪಾದದೆತ್ತರ ಹೋಗುತ್ತದೆ, ಸಂಜೆಗೆ ಆರುತ್ತದೆ. ಉಣ್ಣೆ ಹುಳ ಸಾಯುತ್ತದೆ. ಮಳೆ ಬಿದ್ದರೆ ಹೊಸ ಹುಲ್ಲು ಏಳುತ್ತದೆ, ಜಿಂಕೆ ಬರುತ್ತದೆ. ಅದರ ಶಾಖಕ್ಕೆ, ಹೊಗೆಗೆ ಉಪ್ಪಿಲು ಸಾಯುತ್ತಿತ್ತು ಅನ್ನುವುದು ಅವರ ಮಾತು. ಲಂಟಾನ ಅನ್ನುವ ಕಳೆಯ ಸಸಿಯೂ ಅಷ್ಟೇ, ಎಳೆಯದಿದ್ದಾಗಲೇ ಸುಟ್ಟು ಹೋಗುತ್ತಿತ್ತು. ಅಭಯಾರಣ್ಯ ಆದ ಮೇಲೆ ಬೆಂಕಿ ಅಪರಾಧವಾಯಿತು. ಈ ಲಂಟಾನ 1800ರ ದಶಕದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಚಂದದ ಹೂವು ಅಂತ ಬ್ರಿಟಿಷರು ತಂದ ಗಿಡ. ಬಿಳಿಗಿರಿಯಲ್ಲಿ 1997ರಲ್ಲಿ ನೋಡಿದ ಜಾಗಗಳ ಪೈಕಿ ನೂರಕ್ಕೆ ಸುಮಾರು 40ರಲ್ಲಿ ಅದು ಸಿಕ್ಕಿತ್ತು. 2008ರಲ್ಲಿ ಮತ್ತೆ ನೋಡಿದರೆ ನೂರಕ್ಕೆ ಸುಮಾರು 80. ಹನ್ನೊಂದೇ ವರ್ಷ. ಈಗ ಅಲ್ಲಿ ಬೆಂಕಿ ಬಿದ್ದರೆ ನೆಲದ ಮೇಲೆ ನಿಲ್ಲುವುದಿಲ್ಲ. ಲಂಟಾನದ ಪೊದೆ ಏಣಿಯ ಹಾಗೆ ನಿಂತಿರುತ್ತದೆ, ಬೆಂಕಿ ಅದನ್ನು ಹತ್ತಿ ಮರದ ತಲೆಗೆ ಹೋಗುತ್ತದೆ.

ಎಲ್ಲ ವಿಜ್ಞಾನಿಗಳೂ ತರಗು ಬೆಂಕಿಯನ್ನು ಒಪ್ಪಿಲ್ಲ. ಲಂಟಾನ ಈಗಾಗಲೇ ತುಂಬಿರುವ ಕಡೆ ಮೊದಲಿನ ಹಾಗೆ ಬೆಂಕಿ ಇಟ್ಟರೆ ಅನಾಹುತ ಅನ್ನುವವರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಯಜಮಾನರೇ ನನಗೆ ಹೇಳಿದ್ದರು, "ಈಗ ಇಕ್ಕಕ್ಕೆ ನಮ್ಗೂ ಭಯ" ಅಂತ. ನನ್ನ ಮಾತು ಇಷ್ಟೇ. ಉಪ್ಪಿಲು ಹಿಡಿದ ಕೊಂಬೆಯನ್ನು ಕಾಯಿ ಕೀಳಲು ಹೋದವರೇ ಕಡಿದು ಹಾಕುತ್ತಿದ್ದರು. ಅವರನ್ನು ಮರ ಹತ್ತದ ಹಾಗೆ ಮಾಡಿದ ಮೇಲೆ ಆ ಕೊಂಬೆ ಕಡಿಯಲು ಯಾರೂ ಹೋಗಲಿಲ್ಲ. ಕೀಳುವ ಕೈಯೇ ನೋಡಿಕೊಳ್ಳುವ ಕೈ ಕೂಡ ಆಗಿತ್ತು ಅನ್ನುವುದು ನಿಷೇಧ ಬರೆದವರಿಗೆ ತೋಚಲಿಲ್ಲ.

ಹಾಗಂತ ಸೋಲಿಗರು ತಪ್ಪೇ ಮಾಡುವುದಿಲ್ಲ ಅಂತ ನಾನು ಹೇಳಿದರೆ ನನ್ನ ಪುಸ್ತಕವೇ ನನ್ನನ್ನು ಸುಳ್ಳುಗಾರ ಮಾಡುತ್ತದೆ. ಕೊಂಬೆ ಸಮೇತ ಕಡಿದು ತಂದ ಕಾಯಿ ನಾನು ತೂಗಿದ್ದೇನೆ. ಮಾಗಳಿ ಬೇರು ಅಂತೂ ಬೇರು ಅಗೆದರೆ ಬಳ್ಳಿಯೇ ಹೋಯಿತು. ಅದು ಅಳಿವಿನ ಅಂಚಿನ ಗಿಡಗಳ ಪಟ್ಟಿಯಲ್ಲಿದೆ. ನಿಮ್ಮ ಜಾಡಿ, ನಮ್ಮ ಹಿತ್ತಲ ಜಾಡಿ, ಎರಡರದೂ ಅದರಲ್ಲಿ ಪಾಲಿದೆ.

ಆದರೆ ಕೊಂಬೆ ಯಾಕೆ ಕಡಿದರು? ಇದಕ್ಕೆ ಉತ್ತರ ನನಗೆ ಒಬ್ಬ ಅಜ್ಜಿಯಿಂದ ಸಿಕ್ಕಿತು. ಅದು ನಮ್ಮ ಸಂಘದ ತಪ್ಪು, ಅದರಲ್ಲಿ ನನ್ನದೂ ಸೇರಿದೆ.

ನಿಷೇಧ ನಮ್ಮ ತಕ್ಕಡಿಗೆ ಬರುವ ಮೊದಲು ಒಂದು ವರ್ಷ ವ್ಯಾಪಾರಿಯ ಲಾರಿ ಬೇಗ ಬರುತ್ತದೆ ಅಂತ ನಾವು ನವೆಂಬರ್ ಮೊದಲ ವಾರವೇ ತಕ್ಕಡಿ ಕಟ್ಟಿದೆವು. ಕಾಯಿ ಇನ್ನೂ ಎಳೆಯದು. ದರ ಮಾತ್ರ ಒಂದೇ, ಎಳೆಯದಾದರೂ ಅಷ್ಟೇ, ಬಲಿತದ್ದಾದರೂ ಅಷ್ಟೇ. ಎರಡೇ ದಿನಕ್ಕೆ ಅಂಗಳ ತುಂಬಿತು. ಒಬ್ಬ ಅಜ್ಜಿ ಮೂಟೆ ಇಳಿಸಿದರು. ಕೈ ಹಾಕಿ ನೋಡಿದೆ. ಗೋಲಿ ಗಾತ್ರದ ಕಾಯಿ, ಕಡ್ಡಿ ಸಮೇತ. ನನಗೆ ಸಿಟ್ಟು ಬಂತು. "ಏನಜ್ಜಿ ಇದು, ಇನ್ನೂ ಎಳೇಕಾಯಿ, ಬಲಿಯೋದಕ್ಕೆ ಬಿಡಬಾರದಾ?" ಅಂದೆ.

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನೀ ಯಾವತ್ತು ತಕ್ಕಡಿ ಕಟ್ದೋ, ಅವತ್ತೇ ಕಾಯಿ ಬಲೀತು ಕನ ಮೊಗ."

ಅಷ್ಟೇ ಹೇಳಿ ಹೋಗಲಿಲ್ಲ. ಕೂತು ಬಿಡಿಸಿ ಹೇಳಿದರು. ನಾನು ಇವತ್ತು ಕೀಳದೆ ಬಿಟ್ಟರೆ ನಾಳೆ ಪಕ್ಕದ ಪೋಡಿನವರು ಕೀಳುತ್ತಾರೆ. ಅವರು ಬಿಟ್ಟರೆ ಕೆಳಗಿನ ಊರಿನವರು ರಾತ್ರಿ ಬರುತ್ತಾರೆ. ಮೊದಲಾದರೆ ಇದು ನಮ್ಮ ಯೆಲ್ಲೆ, ಬರಬೇಡ ಅನ್ನಬಹುದಿತ್ತು. ಈಗ ಕಾಡು ನಿಮ್ಮದಲ್ಲ ಅಂತ ಗಾರ್ಡೇ ಹೇಳುತ್ತಾನೆ. ನನ್ನದಲ್ಲದ ಮರದಲ್ಲಿ ನಾಳೆಗೆ ಅಂತ ಕಾಯಿ ಬಿಡಲು ನನಗೇನು ಹುಚ್ಚಾ?

ಅವತ್ತು ರಾತ್ರಿ ನಾನು ಪುಸ್ತಕ ತೆಗೆದು ಕೂತೆ. ಹತ್ತು ವರ್ಷದ ಲೆಕ್ಕ ಇತ್ತು, ದಿನಾಂಕ ಸಮೇತ. ತಕ್ಕಡಿ ಕಟ್ಟಿದ ದಿನ ವರ್ಷವರ್ಷಕ್ಕೆ ಹಿಂದೆ ಹಿಂದೆ ಹೋಗಿತ್ತು. ಆ ದಿನ ಗೊತ್ತುಮಾಡಿದ್ದು ಕಾಡೂ ಅಲ್ಲ, ಸೋಲಿಗರೂ ಅಲ್ಲ. ಲಾರಿ.

ಆಮೇಲೆ ಕಾನೂನು ಬದಲಾಯಿತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಅದರಲ್ಲಿ ಮನೆ ಜಮೀನಿನ ಹಕ್ಕಿನ ಜೊತೆಗೆ, ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕು, ಸಮುದಾಯ ತನ್ನ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ಎಲ್ಲ ಇದೆ. ಅಭಯಾರಣ್ಯಕ್ಕೂ ಅದು ಅನ್ವಯ. ಬಿಳಿಗಿರಿಯಲ್ಲಿ 2011 ವಿಚಿತ್ರ ವರ್ಷ. ಜನವರಿಯಲ್ಲಿ ಅದು ಹುಲಿ ಮೀಸಲು ಪ್ರದೇಶವಾಯಿತು. ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ದೇಶದಲ್ಲಿ ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು.

ಹುಲಿ ಏನಾಯಿತು? 2010ರ ಎಣಿಕೆಯಲ್ಲಿ 35 ಇದ್ದದ್ದು 2014ರಲ್ಲಿ 68 ಅಂತ ಬಂತು. ಈ ಎರಡು ಸಂಖ್ಯೆ ಹಿಡಿದುಕೊಂಡು ತುಂಬ ಜನ ಕುಣಿದರು. ಸೋಲಿಗರಿಗೆ ಹಕ್ಕು ಕೊಟ್ಟಿದ್ದಕ್ಕೇ ಹುಲಿ ದುಪ್ಪಟ್ಟಾಯಿತು ಅಂತ. ನಾನು ಕುಣಿಯಲಿಲ್ಲ. ಹುಲಿ ಹೆಚ್ಚಲು ನೂರು ಕಾರಣ, ಎಣಿಸುವ ರೀತಿಯೂ ಒಂದು. ಆಮೇಲಿನ ಎಣಿಕೆಗಳಲ್ಲಿ ಸಂಖ್ಯೆ ಏರಿಳಿದಿದೆ. ಇಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು: ಸೋಲಿಗರು ಅಲ್ಲೇ ಇದ್ದರು, ಹುಲಿಯೂ ಅಲ್ಲೇ ಇತ್ತು. ಜನ ಇದ್ದರೆ ಹುಲಿ ಉಳಿಯುವುದೇ ಇಲ್ಲ ಅನ್ನುವವರು ಈ ಬೆಟ್ಟಕ್ಕೆ ಒಮ್ಮೆ ಲೆಕ್ಕ ಹೇಳಬೇಕು.

ಲಂಟಾನದ ಮಾತು ಬಂತಲ್ಲ, ಒಂದು ಅಡ್ಡಮಾತು. 2024ರ ಫೆಬ್ರವರಿಯಲ್ಲಿ ಲಾಲ್‌ಬಾಗಿನಲ್ಲಿ ಲಂಟಾನದ ಕಡ್ಡಿಯಿಂದ ಮಾಡಿದ ಆನೆಗಳ ಹಿಂಡು ನಿಲ್ಲಿಸಿದ್ದರು, ನೆನಪಿದೆಯಾ? ನೀವೆಲ್ಲ ಫೋಟೋ ತೆಗೆಸಿಕೊಂಡಿದ್ದೀರಿ, ನಾನೂ ತೆಗೆಸಿಕೊಂಡೆ. ಬೆಟ್ಟ ಕುರುಬರು, ಸೋಲಿಗರು, ಪಣಿಯರು ಮಾಡಿದ ಆನೆಗಳು ಅವು. ಮಲೆಮಹದೇಶ್ವರ ಬೆಟ್ಟದಲ್ಲಂತೂ ಅದಕ್ಕೂ ಎಷ್ಟೋ ವರ್ಷ ಮೊದಲಿಂದ ಲಂಟಾನದ ಕುರ್ಚಿ, ಮೇಜು ಮಾಡುತ್ತಿದ್ದಾರೆ. ಬಿದಿರು ಸಿಗದ ಹಾಗಾದ ಮೇಲೆ ಬುಟ್ಟಿ ಹೆಣೆಯುವವರು ಕಂಡುಕೊಂಡ ದಾರಿ. ಕಡ್ಡಿಯನ್ನು ನೀರಿನಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಸಿಪ್ಪೆ ಸುಲಿದು ಬಗ್ಗಿಸಬೇಕು. ಆರಿದರೆ ಮುರಿಯುತ್ತದೆ. ಕೈ ಬೆಂದವರನ್ನು ನೋಡಿದ್ದೇನೆ. ಒಳ್ಳೆಯ ಕೆಲಸ, ಒಳ್ಳೆಯ ಕೂಲಿ. ಆದರೆ ಕುರ್ಚಿ ಮಾಡಿ ಮಾಡಿ ಲಂಟಾನ ಮುಗಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾವು ಕಡಿದದ್ದಕ್ಕಿಂತ ಜಾಸ್ತಿ ಮುಂದಿನ ಮಳೆಗಾಲಕ್ಕೆ ಬಂದಿರುತ್ತದೆ.

ನಾಗರಹೊಳೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅಲ್ಲಿ ನಾನು ಕೆಲಸ ಮಾಡಿದವನಲ್ಲ. ಅಲ್ಲಿ ಜೇನು ಕುರುಬರು, ಬೆಟ್ಟ ಕುರುಬರು, ಯರವರು. ಅವರ ಊರಿಗೆ ಹಾಡಿ ಅಂತಾರೆ. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಆ ಕಾಡಿನಿಂದ ಹೊರಬಿದ್ದ ಕುಟುಂಬಗಳು 3,418 ಅಂತ ಅದರ ಲೆಕ್ಕ. ಜನರನ್ನು ಹೊರಗೆ ಹಾಕಿದ ಅದೇ ಕಾಡಿನೊಳಗೆ 1990ರ ದಶಕದಲ್ಲಿ ಒಂದು ದೊಡ್ಡ ಹೋಟೆಲ್ ಏಳುತ್ತಿತ್ತು. ಆದಿವಾಸಿಗಳು ರಸ್ತೆಗೆ ಇಳಿದರು, ಕೋರ್ಟಿಗೆ ಹೋದರು, 1997ರಲ್ಲಿ ಹೈಕೋರ್ಟ್ ತಡೆಯಿತು. ಈಚೆಗೆ 2025ರ ಮೇ ತಿಂಗಳಲ್ಲಿ ಸುಮಾರು 50 ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ, ಅಂದರೆ ತಮ್ಮ ಹಳೆಯ ಜಾಗಕ್ಕೆ, ತಾವೇ ನಡೆದು ವಾಪಸ್ ಹೋಗಿ ಗುಡಿಸಲು ಕಟ್ಟಿದವು.

ಸ್ಥಳಾಂತರ ಎಲ್ಲ ಕಡೆ ಸೋತಿದೆ ಅಂತ ಹೇಳುವುದೂ ನ್ಯಾಯವಲ್ಲ. ಭದ್ರಾ ಅಭಯಾರಣ್ಯದಿಂದ 2001, 2002ರ ಸುಮಾರಿಗೆ ಹಳ್ಳಿಗಳನ್ನು ಹೊರಗೆ ತಂದರು. ಅಲ್ಲಿ ಬಹಳ ಮಂದಿಗೆ ಒಳ್ಳೆಯದಾಯಿತು. ಯಾಕಂದರೆ ಅವರಲ್ಲಿ ಹೆಚ್ಚಿನವರು ಗದ್ದೆ ಮಾಡುತ್ತಿದ್ದ ರೈತರು. ಹೊರಗೆ ನೀರಾವರಿ ಜಮೀನು ಸಿಕ್ಕಿತು, ಶಾಲೆ ಆಸ್ಪತ್ರೆ ಹತ್ತಿರವಾದವು. ಗದ್ದೆ ಬಿಟ್ಟು ಗದ್ದೆಗೇ ಹೋದರು. ಜೇನು ಕುರುಬನಿಗೆ ಬಯಲಿನಲ್ಲಿ ಜಮೀನು ಕೊಟ್ಟರೆ ಅವನು ಹೆಜ್ಜೇನನ್ನು ಎಲ್ಲಿ ಹುಡುಕಬೇಕು?

ಈಗ ನನಗೆ ಕಷ್ಟವಾಗುವ ಮಾತಿಗೆ ಬರುತ್ತೇನೆ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ ಐದು ಹುಲಿ ಸತ್ತು ಬಿದ್ದಿದ್ದವು. ಒಂದು ತಾಯಿ, ನಾಲ್ಕು ಮರಿ. ಹುಲಿ ಹಿಡಿದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ಆ ಸುದ್ದಿ ಬಂದ ದಿನ ನಿಮ್ಮ ಹಾಗೇ ನನಗೂ ಊಟ ಸೇರಲಿಲ್ಲ. ಇದನ್ನು ಸಮರ್ಥಿಸಲು ನನ್ನ ಹತ್ತಿರ ಮಾತಿಲ್ಲ. ಆದರೆ ಆಮೇಲೆ ಬೆಂಗಳೂರಿನಲ್ಲಿ ಕೇಳಿದ ಮಾತು ಇನ್ನೂ ಬೇಜಾರು ಮಾಡಿತು: "ಈ ಕಾಡುಜನರನ್ನೆಲ್ಲ ಖಾಲಿ ಮಾಡಿಸಬೇಕು."

ಯಾವ ಕಾಡುಜನ? ಅಲ್ಲಿ ಸೋಲಿಗರಿದ್ದಾರೆ. ಮಾದಪ್ಪನ ಪೂಜೆ ಮಾಡುವ ಬೇಡಗಂಪಣರಿದ್ದಾರೆ, ಅವರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಅರಣ್ಯ ಹಕ್ಕು ಬೇಕಾದರೆ ಅಂಥವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೆವು ಅಂತ ದಾಖಲೆ ತರಬೇಕು. ಕಾಡಿನಲ್ಲಿ ದೊಡ್ಡಿ ಹಾಕಿ ದನ ಮೇಯಿಸುವವರಿದ್ದಾರೆ. ದನವೂ ಎಲ್ಲ ಅವರದಲ್ಲ. ಹೊರಗಿನ ಸಾಹುಕಾರರ ದನ ಮೇಯಿಸಿ, ಗೊಬ್ಬರ ಮಾರಿಕೊಂಡು ಬದುಕುವವರೂ ಇದ್ದಾರೆ. ಒಬ್ಬೊಬ್ಬರ ಕಷ್ಟ ಒಂದೊಂದು, ತಪ್ಪೂ ಒಂದೊಂದು. ದನ ಜಾಸ್ತಿಯಾದರೆ ಜಿಂಕೆಗೆ ಮೇವು ಇಲ್ಲ ಅನ್ನುವುದು ನಿಜ. ಹುಲಿಗಳು ಸತ್ತ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಬೇಕು ಅಂತ ಸರ್ಕಾರ ಹೊರಟಿತು. ನಿಲ್ಲಿಸಿ, ಬೇಡ ಅನ್ನಲಿಲ್ಲ. ಆದರೆ ಒಂದು ಪಂಗಡ ಮೇವು ಬೆಳೆದುಕೊಳ್ಳಲು ಜಮೀನು ಇರುವವರು, ಇನ್ನೊಂದು ಏನೂ ಇಲ್ಲದವರು. ಒಂದೇ ಆದೇಶದಲ್ಲಿ ಇಬ್ಬರನ್ನೂ ಕಟ್ಟಿದರೆ ಆಗುವುದು ಏನು ಅಂತ ನೆಲ್ಲಿಕಾಯಿಯಲ್ಲಿ ನೋಡಿದ್ದೇವೆ. ಹಸು ಸತ್ತ ವಾರದಲ್ಲೇ ಪರಿಹಾರದ ದುಡ್ಡು ಕೈಗೆ ಬಂದರೆ ಒಬ್ಬ ಮನುಷ್ಯನ ಸಿಟ್ಟು ಎಲ್ಲಿಗೆ ಹೋಗುತ್ತದೆ, ಆರು ತಿಂಗಳು ಅಲೆದಾಡಿಸಿದರೆ ಎಲ್ಲಿಗೆ ಹೋಗುತ್ತದೆ, ಅದನ್ನೂ ಸ್ವಲ್ಪ ಯೋಚನೆ ಮಾಡಿ.

ನಮ್ಮ ಬೆಂಗಳೂರಿನದೂ ಒಂದು ಲೆಕ್ಕ ಇದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ, ಟ್ರಾಫಿಕ್ ಇದ್ದರೆ ಎರಡು. ಅದರ ಸುತ್ತ ಪರಿಸರ ಸೂಕ್ಷ್ಮ ವಲಯ ಅಂತ, ಅಂದರೆ ಗಣಿ, ಕಟ್ಟಡಗಳಿಗೆ ಕಡಿವಾಣ ಇರುವ ಅಂಚು ಅಂತ, 268.96 ಚದರ ಕಿಲೋಮೀಟರ್ ಮೊದಲ ಕರಡಿನಲ್ಲಿ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84 ಆಯಿತು. ನೂರು ಚದರ ಕಿಲೋಮೀಟರ್ ಹೋಯಿತು. ಯಾವ ಸೋಲಿಗನೂ ಕೊಡಲಿ ಹಿಡಿದು ಬಂದಿರಲಿಲ್ಲ. ಆ ಕಾಡಿನ ಅಂಚಿನಲ್ಲೇ ಹಕ್ಕಿಪಿಕ್ಕಿ ಕಾಲೊನಿ ಇದೆ, ರಾಮನಗರ, ಕನಕಪುರದ ಕಡೆ ಇರುಳಿಗರಿದ್ದಾರೆ. ಅವರ ಹಕ್ಕಿನ ಅರ್ಜಿ ಎಲ್ಲಿದೆ ಅಂತ ಕೇಳಿದವರು ಈ ಊರಿನಲ್ಲಿ ಎಷ್ಟು ಮಂದಿ? ಲೇಔಟು ಕಾಡಿನ ಅಂಚಿಗೆ ಬಂದರೆ ಅಭಿವೃದ್ಧಿ, ಪೋಡು ಇದ್ದ ಕಡೆಯೇ ಇದ್ದರೆ ಒತ್ತುವರಿ.

ಏನು ಮಾಡಬೇಕು ಅಂತ ನೀವು ಕೊನೆಗೆ ಕೇಳಿಯೇ ಕೇಳುತ್ತೀರಿ. ನನ್ನ ಹತ್ತಿರ ಪಟ್ಟಿ ಇಲ್ಲ. ಒಂದು ಮಧ್ಯಾಹ್ನದ ಸಂಗತಿ ಇದೆ.

ಹಕ್ಕುಪತ್ರ ಸಿಕ್ಕ ಮೇಲಿನ ಮಾತು. ನೆಲ್ಲಿ ಕಾಲ. ನಾನು ಹಳೆಯ ಅಭ್ಯಾಸದಂತೆ ತಕ್ಕಡಿಯನ್ನು ಜೀಪಿಗೆ ಹಾಕಿಕೊಂಡು ಒಂದು ಪೋಡಿಗೆ ಹೋದೆ. ಅಲ್ಲಿ ಮರದ ಕೆಳಗೆ ಗ್ರಾಮಸಭೆ ಕೂತಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಫಾರೆಸ್ಟ್ ವಾಚರ್ ಒಬ್ಬ ಬೈಕಿಗೆ ಒರಗಿಕೊಂಡು ನಿಂತಿದ್ದ, ಅವನೂ ಅದೇ ಪೋಡಿನವನು. ಒಬ್ಬ ಹುಡುಗನ ಕೈಯಲ್ಲಿ ನೋಟ್‌ಬುಕ್ಕು. ಅವನು ಮೂರು ನಾಲ್ಕು ದಿನ ಕಾಡು ಸುತ್ತಿ, ಯಾವ ಮರದಲ್ಲಿ ಎಷ್ಟು ಕಾಯಿ, ಎಷ್ಟರಲ್ಲಿ ಉಪ್ಪಿಲು ಅಂತ ಬರೆದುಕೊಂಡು ಬಂದಿದ್ದ. ಜಗಳ ಜೋರಾಗಿತ್ತು. ಒಂದು ಗುಡ್ಡದ ಕಾಯಿಯನ್ನು ಈ ವರ್ಷ ಪೂರ್ತಿ ಬಿಡಬೇಕು ಅಂತ ಒಂದು ಗುಂಪು. ಮಗಳ ಮದುವೆ ಇದೆ, ಆ ಗುಡ್ಡ ಬಿಟ್ಟರೆ ನನಗೇನು ಸಿಗುತ್ತದೆ ಅಂತ ಒಬ್ಬಾತ. ಅವನ ಪಾಲಿಗೆ ಬೇರೆ ಕಡೆ ಎರಡು ಮರ ಜಾಸ್ತಿ ಬಿಟ್ಟುಕೊಡಿ ಅಂತ ಇನ್ನೊಬ್ಬಾಕೆ. ಎರಡು ಗಂಟೆ ಕಳೆಯಿತು. ನಾನು ನಡುವೆ ಬಾಯಿ ಹಾಕಿದೆ, ಸೋಮವಾರ ಲಾರಿ ಬರುತ್ತದೆ, ಶುರು ಮಾಡೋಣವಾ ಅಂತ.

ಎಲ್ಲರೂ ಒಮ್ಮೆ ತಿರುಗಿ ನೋಡಿದರು. ನೋಟ್‌ಬುಕ್ಕಿನ ಹುಡುಗ ಎದ್ದು ಬಂದು ನನಗೆ ಒಂದು ಲೋಟ ಟೀ ಕೊಟ್ಟ.

"ಇನ್ನೂ ಮುಗ್ದಿಲ್ಲ ಸಾ. ಕರೀತೀವಿ. ತಕ್ಕಡಿ ಜೀಪಲ್ಲೇ ಇರ್ಲಿ."